35 ಎಂಬಿ ಜಾಗ, 112 ಎಂಬಿ ಫೈಲು

ಶನಿವಾರ ಸಂಜೆ ಅಪ್‌ಡೇಟ್ ಮುಗಿಸಿ ಮುಚ್ಚಿಟ್ಟ ಲ್ಯಾಪ್‌ಟಾಪ್ ಸೋಮವಾರ ಬೆಳಿಗ್ಗೆ ಏಳಲಿಲ್ಲ. ವಕೀಲರೊಬ್ಬರ ಕಚೇರಿಯದು. ಡೆಬಿಯನ್ ವಂಶದ ಲಿನಕ್ಸ್. ಕಕ್ಷಿದಾರರ ಕಾಗದಪತ್ರ ಇರುವುದರಿಂದ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ. ದಿನವೂ ಕೇಳುವ ಪಾಸ್‌ಫ್ರೇಸ್ ಅಂದು ಕೇಳಲೇ ಇಲ್ಲ. ಕಪ್ಪು ಪರದೆಯ ತುಂಬ ಬಿಳಿ ಸಾಲುಗಳು, ಕೊನೆಗೆ ‘ಕರ್ನೆಲ್ ಪ್ಯಾನಿಕ್’ (ಲಿನಕ್ಸಿನ ತಿರುಳಾದ ಕರ್ನೆಲ್ ಮುಂದೆ ಹೋಗಲಾರದೆ ನಿಂತ ಸೂಚನೆ), ಅದರ ಜೊತೆ ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್ (0,0)’.

ಅಷ್ಟರಲ್ಲಿ ಫೋನಿನಲ್ಲಿ ಸಲಹೆ ಬಂದಾಗಿತ್ತು: ‘ಡಿಸ್ಕ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಬಿಡೋಣ.’ ಎನ್‌ಕ್ರಿಪ್ಟ್ ಆದ ಡಿಸ್ಕಿಗೆ ಇದಕ್ಕಿಂತ ಅಪಾಯದ ಮಾತಿಲ್ಲ. ಲಿನಕ್ಸ್ ಡಿಸ್ಕಿಗೆ ಬೀಗ ಹಾಕುವ ಲಕ್ಸ್ ಎನ್‌ಕ್ರಿಪ್ಶನ್‌ನಲ್ಲಿ ನಿಜವಾದ ಕೀಲಿ ಇರುವುದು ವಿಭಾಗದ ಆರಂಭದ ಹೆಡರ್‌ನಲ್ಲಿ. ಪಾಸ್‌ಫ್ರೇಸ್ ಆ ಕೀಲಿಯನ್ನು ಬಿಡಿಸುತ್ತದೆ, ಅಷ್ಟೇ. ಹೆಡರ್ ಅಳಿಸಿದರೆ ಪಾಸ್‌ಫ್ರೇಸ್ ಗೊತ್ತಿದ್ದೂ ಒಂದು ಫೈಲೂ ಸಿಗದು. ಡಿಸ್ಕ್ ಸತ್ತಿಲ್ಲ ಎನ್ನುವುದಕ್ಕೆ ಪರದೆಯೇ ಸಾಕ್ಷಿ. ಕರ್ನೆಲನ್ನು ಏಳಿಸುವ ಗ್ರಬ್ ಮತ್ತು ಕರ್ನೆಲ್ ಎರಡೂ ಅದೇ ಡಿಸ್ಕಿನಿಂದ ಓದಿಸಿಕೊಂಡು ಬಂದಿವೆ, ಇಲ್ಲವಾದರೆ ಪ್ಯಾನಿಕ್ ಆಗಲು ಕರ್ನೆಲ್ಲೇ ಇರುತ್ತಿರಲಿಲ್ಲ. (0,0) ಅಂದರೆ ತನ್ನ ಬೇರು (ರೂಟ್, ಅಂದರೆ ವ್ಯವಸ್ಥೆಯ ಫೈಲುಗಳಿರುವ ಮುಖ್ಯ ವಿಭಾಗ) ಎಲ್ಲಿದೆ ಎಂದು ಕರ್ನೆಲ್‌ಗೆ ಗುರುತೇ ಸಿಕ್ಕಿಲ್ಲ. ಬೀಗ ತೆಗೆದು ಬೇರನ್ನು ತೋರಿಸಿಕೊಡುವ ಸಣ್ಣ ತಾತ್ಕಾಲಿಕ ವ್ಯವಸ್ಥೆಗೆ ಇನಿಟ್‌ಆರ್‌ಡಿ ಎಂದು ಹೆಸರು. ಪಾಸ್‌ಫ್ರೇಸ್ ಕೇಳುವುದೂ ಅದೇ. ಅಂದು ಅದು ಬಂದೇ ಇರಲಿಲ್ಲ.

ಹಳೆಯ ಕರ್ನೆಲ್‌ನಿಂದ ಏಳಿಸುವುದು ಮೊದಲ ಕೆಲಸ. ಯುಇಎಫ್‌ಐ (ಯಂತ್ರವನ್ನು ಏಳಿಸುವ ಹೊಸ ಬಗೆಯ ಮೂಲ ತಂತ್ರಾಂಶ) ಇರುವ ಯಂತ್ರದಲ್ಲಿ ತಯಾರಕರ ಲೋಗೋ ಮಾಯವಾಗುತ್ತಿದ್ದಂತೆ ಎಸ್ಕೇಪ್ ಕೀಲಿಯನ್ನು ಒಂದು ಸಲ ಒತ್ತಬೇಕು. ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿದಿರಬೇಕು. ಎಸ್ಕೇಪ್ ಹೆಚ್ಚು ಸಲ ಒತ್ತಿದರೆ ಮೆನು ದಾಟಿ ‘ಗ್ರಬ್>’ ಎಂಬ ಬರೀ ಸಾಲು ಬರುತ್ತದೆ. ಗಾಬರಿ ಬೇಡ, ‘ನಾರ್ಮಲ್’ ಎಂದು ಟೈಪಿಸಿ ಎಂಟರ್ ಒತ್ತಿ, ಕೂಡಲೇ ಒಮ್ಮೆ ಎಸ್ಕೇಪ್ ಒತ್ತಿದರೆ ಮೆನು ಮರಳುತ್ತದೆ. ಅಲ್ಲಿ ‘ಅಡ್ವಾನ್ಸ್‌ಡ್ ಆಪ್ಶನ್ಸ್’ ಒಳಗೆ ಮೇಲಿನಿಂದ ಎರಡನೆಯ ಆವೃತ್ತಿ ಆರಿಸಿದಾಗ ಪಾಸ್‌ಫ್ರೇಸ್ ಕೇಳಿತು, ಡೆಸ್ಕ್‌ಟಾಪ್ ಬಂತು.

ಇಲ್ಲಿಗೇ ರಿಪೇರಿಗೆ ಕೈ ಹಾಕಬಾರದು. ಮುಖ್ಯ ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಬೇಕು. ಜೊತೆಗೆ ‘ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್’ ಮೂಲಕ ಹೆಡರ್‌ನ ಪ್ರತಿಯನ್ನೂ ತೆಗೆದಿಡಬೇಕು. ಲಕ್ಸ್2 ಆದರೆ ಆ ಪ್ರತಿ ಸಾಮಾನ್ಯವಾಗಿ 16 ಎಂಬಿ. ಎಲ್ಲಕ್ಕಿಂತ ಕಡಿಮೆ ಹೊತ್ತು ಹಿಡಿಯುವ, ಬಹುಪಾಲು ಜನ ಮಾಡದ ಕೆಲಸ ಇದು.

ಇನ್ನು ಕಾರಣ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವಾಗ, ಯಂತ್ರ ಏಳಲು ಬೇಕಾದ ಫೈಲುಗಳಿರುವ /ಬೂಟ್ ಅನ್ನು ಬೀಗವಿಲ್ಲದ ಸಣ್ಣ ವಿಭಾಗವಾಗಿ ಬೇರೆ ಇಡುವುದು ರೂಢಿ. ಇಲ್ಲಿ ಡಿಸ್ಕಿನ ಜಾಗ ತೋರಿಸುವ ‘ಡಿಎಫ್ -ಎಚ್’ ಕೊಟ್ಟ ಲೆಕ್ಕ ಹೀಗಿತ್ತು: ಒಟ್ಟು 471 ಎಂಬಿ, ಬಳಕೆ 412, ಖಾಲಿ 35, ಶೇಕಡಾ 93. ಬಹಳ ಮಂದಿ ಮೋಸಹೋಗುವುದು ಈ 93ನ್ನು ನೋಡಿ. ನೂರು ಆಗಿಲ್ಲವಲ್ಲ, ಜಾಗ ಇದೆ ಅಂದುಕೊಳ್ಳುತ್ತಾರೆ. ಇನಿಟ್‌ಆರ್‌ಡಿ ತಯಾರಾಗುವಾಗ ಮೊದಲು ‘.ನ್ಯೂ’ ಬಾಲದ ಫೈಲಾಗಿ ಬರೆಯಲ್ಪಡುತ್ತದೆ. ಪೂರ್ತಿಯಾದರೆ ಮಾತ್ರ ಹೆಸರು ಬದಲಾಗುತ್ತದೆ, ಅರ್ಧಕ್ಕೆ ನಿಂತರೆ ಆ ತುಂಡು ಅಳಿಸಿಹೋಗುತ್ತದೆ. ಹಾಗಾಗಿ ನಂತರ ನೋಡಿದವರಿಗೆ ಜಾಗ ತುಂಬಿದ ಗುರುತೇ ಸಿಗುವುದಿಲ್ಲ. ಸಿಗುವುದು ಪ್ಯಾಕೇಜುಗಳನ್ನು ತಂದು ಹಾಕುವ ಎಪಿಟಿಯ ದಾಖಲೆಯಲ್ಲಿ, ಅಂದರೆ /ವಾರ್/ಲಾಗ್/ಎಪಿಟಿ ಒಳಗಿನ ಟರ್ಮ್.ಲಾಗ್‌ನಲ್ಲಿ. ಅಲ್ಲಿ ಶನಿವಾರದ ಅಪ್‌ಡೇಟ್ ಕಂತಿನ ಕೊನೆಗೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಸಾಲು ಇತ್ತು.

ಮೂರು ಹಳೆಯ ಕರ್ನೆಲ್‌ಗಳ ಇನಿಟ್‌ಆರ್‌ಡಿ ತಲಾ 112 ಎಂಬಿ, ಅಂದರೆ 336. ಹೊಸದೂ ಸೇರಿ ನಾಲ್ಕು ವಿಎಂಲಿನಝ್ ಫೈಲು (ಕರ್ನೆಲ್ ಇರುವುದು ಇದರಲ್ಲಿ) ತಲಾ 12, ಅಂದರೆ 48. ಉಳಿದ 28 ಗ್ರಬ್ ಮತ್ತಿತರ ಚಿಲ್ಲರೆ. ಉಳಿದ ಸಣ್ಣ ಜಾಗದಲ್ಲಿ ಮತ್ತೊಂದು 112 ಹಿಡಿಯುವುದಿಲ್ಲ. ಅದೇ ಕಂತಿನಲ್ಲಿ ಗ್ರಬ್ ಪ್ಯಾಕೇಜೂ ಬಂದಿತ್ತು. ಅದು ಮೆನು ಹೊಸದಾಗಿ ಬರೆಯುವಾಗ ಹೊಸ ವಿಎಂಲಿನಝ್ ಕಂಡು ಅದನ್ನೇ ಮೊದಲ ಸಾಲಿಗೆ ಹಾಕಿತು, ಇನಿಟ್‌ಆರ್‌ಡಿ ಸಾಲಿಲ್ಲದೆ. ಸೋಮವಾರದ ಪ್ಯಾನಿಕ್ ಹುಟ್ಟಿದ್ದು ಅಲ್ಲಿ.

ಹಳೆಯವು ತಾನಾಗಿ ಏಕೆ ಹೋಗಿರಲಿಲ್ಲ? ‘ಎಪಿಟಿ-ಮಾರ್ಕ್ ಶೋಮ್ಯಾನ್ಯುಅಲ್’ ಪಟ್ಟಿಯಲ್ಲಿ ಮೂರರಲ್ಲಿ ಎರಡು ಕರ್ನೆಲ್‌ಗಳ ಹೆಸರಿತ್ತು. ಯಾರೋ ಹೆಸರು ಕೊಟ್ಟು ಕೈಯಿಂದ ಹಾಕಿದ್ದರು. ಹಾಗೆ ಹಾಕಿದ ಪ್ಯಾಕೇಜನ್ನು ಬೇಡವಾದವನ್ನು ತೆಗೆಯುವ ಆಟೋರಿಮೂವ್ ಎಂದೂ ಮುಟ್ಟುವುದಿಲ್ಲ.

ಇಲ್ಲಿ ಒಂದು ಗಂಟು ಬೀಳುತ್ತದೆ. ಅರ್ಧಕ್ಕೆ ನಿಂತ ಪ್ಯಾಕೇಜು ಮುಗಿಯದೆ ಎಪಿಟಿ ಬೇರೆ ಕೆಲಸಕ್ಕೆ ಒಪ್ಪದು. ಅದು ಮುಗಿಯಬೇಕಾದರೆ ಜಾಗ ಬೇಕು. ಜಾಗ ಬಿಡಿಸಲು ಎಪಿಟಿ ಬೇಕು. ಬಿಚ್ಚುವ ದಾರಿ ಎಪಿಟಿಯ ಕೆಳಗೆ ಕೆಲಸ ಮಾಡುವ ಡಿಪಿಕೆಜಿ. ಮೊದಲು ‘ಯುನೇಮ್ -ಆರ್’ ಕೊಟ್ಟು ಈಗ ಓಡುತ್ತಿರುವ ಆವೃತ್ತಿ ಯಾವುದೆಂದು ಕಾಗದದ ಮೇಲೆ ಬರೆದುಕೊಳ್ಳಬೇಕು, ಅದನ್ನು ಮುಟ್ಟುವ ಹಾಗಿಲ್ಲ. ಉಳಿದ ಎರಡು ಹಳೆಯ ಇಮೇಜ್ ಪ್ಯಾಕೇಜುಗಳನ್ನು ‘ಡಿಪಿಕೆಜಿ --ಪರ್ಜ್’ ಮೂಲಕ ತೆಗೆದಾಗ 248 ಎಂಬಿ ಬಿಡುವಾಯಿತು. ಅವುಗಳ ಹೆಡರ್ ಪ್ಯಾಕೇಜು (ಲಕ್ಸ್ ಹೆಡರ್ ಅಲ್ಲ, ಡ್ರೈವರ್ ಕಟ್ಟಲು ಬೇಕಾದ ಕರ್ನೆಲ್ ಫೈಲುಗಳು) ಅಡ್ಡ ಬಂದರೆ ಅದನ್ನೂ ಅದೇ ಸಾಲಿನಲ್ಲಿ ಸೇರಿಸಿಕೊಳ್ಳಬಹುದು. /ಬೂಟ್ ಒಳಗೆ ಹೋಗಿ ಫೈಲುಗಳನ್ನು ಆರ್‌ಎಂ ಮಾಡುವ ಅಭ್ಯಾಸ ಕೆಟ್ಟದ್ದು. ಪ್ಯಾಕೇಜಿನ ಲೆಕ್ಕದಲ್ಲಿ ಅದು ಇನ್ನೂ ಇದೆ, ಮುಂದೆ ಯಾವಾಗಲೋ ಎಲ್ಲ ಇನಿಟ್‌ಆರ್‌ಡಿಗಳನ್ನು ಮರುನಿರ್ಮಿಸುವಾಗ ಆ ಫೈಲು ಮತ್ತೆ ಹುಟ್ಟಿ ಜಾಗ ತಿನ್ನಬಹುದು.

ಆಮೇಲೆ ‘ಡಿಪಿಕೆಜಿ --ಕಾನ್ಫಿಗರ್ -ಎ’. ನಿಂತಿದ್ದ ಕೆಲಸ ಅಲ್ಲಿಂದಲೇ ಮುಂದುವರಿದು ಹೊಸ ಇನಿಟ್‌ಆರ್‌ಡಿ ತಯಾರಾಯಿತು. ಕೊನೆಗೆ ‘ಅಪ್‌ಡೇಟ್-ಗ್ರಬ್’ ಕೊಟ್ಟು, ಪರದೆಯಲ್ಲಿ ಹೊಸ ಆವೃತ್ತಿಗೆ ಎರಡು ಸಾಲು ಬರುತ್ತವೆಯೇ ನೋಡಬೇಕು: ಒಂದು ಲಿನಕ್ಸ್ ಇಮೇಜಿನದು, ಇನ್ನೊಂದು ಇನಿಟ್‌ಆರ್‌ಡಿ ಇಮೇಜಿನದು. ‘ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್’ ಬಳಸಿ ಹೊಸ ಫೈಲಿನೊಳಗೆ ಕ್ರಿಪ್ಟ್‌ಸೆಟಪ್ ಇದೆಯೇ ಎಂದೂ ಹುಡುಕಬೇಕು. ಅದಿಲ್ಲದಿದ್ದರೆ ಮುಂದಿನ ಬೂಟ್ ಪಾಸ್‌ಫ್ರೇಸ್ ಕೇಳದೆ ಮತ್ತೆ ನಿಲ್ಲುತ್ತದೆ. ಇವೆರಡನ್ನೂ ನೋಡಿಯೇ ರೀಸ್ಟಾರ್ಟ್ ಮಾಡಿದ್ದು.

ಹೊಸ ಕರ್ನೆಲ್‌ನಲ್ಲಿ ಎದ್ದ ಮೇಲೆ ವೈಫೈ ಕಾಣೆಯಾಗಿತ್ತು. ಅದರ ಡ್ರೈವರ್ ಕರ್ನೆಲ್ ಜೊತೆ ಬರುವುದಲ್ಲ, ಪ್ರತಿ ಆವೃತ್ತಿಗೂ ಡಿಕೆಎಂಎಸ್ ಎಂಬ ಸಾಧನ ಹೊಸದಾಗಿ ಕಟ್ಟಿಕೊಡುವಂಥದ್ದು; ಹೊಸ ಆವೃತ್ತಿಯ ಹೆಡರ್ ಪ್ಯಾಕೇಜು ಇರಲಿಲ್ಲ. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಟೆಥರಿಂಗ್ ಹಾಕಿ, ಹೆಡರ್ ಇಳಿಸಿ, ‘ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಕೊಟ್ಟಾಗ ಸರಿಹೋಯಿತು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಚಾಲೂ ಇದ್ದು ‘ಕೀ ವಾಸ್ ರಿಜೆಕ್ಟೆಡ್’ ಎಂದರೆ ಡ್ರೈವರ್‌ಗೆ ಸಹಿ ಮಾಡಿದ ಕೀಲಿಯನ್ನು ಎಂಒಕೆ ಪಟ್ಟಿಗೆ (ಯಂತ್ರದ ಮಾಲೀಕರು ಒಪ್ಪಿದ ಕೀಲಿಗಳ ಪಟ್ಟಿ) ಸೇರಿಸಬೇಕು. ಸೆಕ್ಯೂರ್ ಬೂಟನ್ನೇ ಬಂದ್ ಮಾಡುವುದು ಸುಲಭ, ಆದರೆ ಇಂಥ ಕಚೇರಿಯ ಯಂತ್ರದಲ್ಲಿ ಅದು ಬೇಡ.

ಮುಂದಿನ ಕಂತಿಗೆ ಇದೇ ಕಥೆ ಆಗದಂತೆ ಎರಡು ಬದಲಾವಣೆ ಮಾಡಿದ್ದಾಯಿತು. ಕೈಯಿಂದ ಹಾಕಿದವುಗಳ ಪಟ್ಟಿಯಲ್ಲಿ ಉಳಿದಿದ್ದ ಕರ್ನೆಲನ್ನು ‘ಎಪಿಟಿ-ಮಾರ್ಕ್ ಆಟೋ’ಗೆ ತಂದದ್ದು ಒಂದು. ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ಫೈಲಿನಲ್ಲಿ ಮಾಡ್ಯೂಲ್ಸ್ ಆಯ್ಕೆಯನ್ನು ‘ಮೋಸ್ಟ್’ನಿಂದ ‘ಡೆಪ್’ಗೆ ಬದಲಿಸಿದ್ದು ಇನ್ನೊಂದು. ಆಗ ಈ ಯಂತ್ರಕ್ಕೆ ಬೇಕಾದ ಡ್ರೈವರುಗಳಷ್ಟೇ ಸೇರಿ 112 ಇದ್ದದ್ದು 48 ಎಂಬಿಗೆ ಇಳಿಯಿತು. ಇದಕ್ಕೊಂದು ಬೆಲೆಯೂ ಇದೆ: ಡಿಸ್ಕನ್ನು ಬಿಚ್ಚಿ ಬೇರೆ ಲ್ಯಾಪ್‌ಟಾಪಿಗೆ ಹಾಕಿದರೆ ಏಳದೆ ಹೋಗಬಹುದು. ಆದ್ದರಿಂದ ಮರುನಿರ್ಮಾಣ ಹೊಸ ಕರ್ನೆಲ್‌ಗೆ ಮಾತ್ರ. ಹಳೆಯದರ 112 ಎಂಬಿ ಫೈಲು ಹಾಗೆಯೇ ಇದೆ, ಗ್ರಬ್‌ನ ‘ಅಡ್ವಾನ್ಸ್‌ಡ್ ಆಪ್ಶನ್ಸ್’ ಒಳಗೆ ಎರಡನೆಯ ಆವೃತ್ತಿಯಾಗಿ ಉಳಿದಿದೆ.