ದುರ್ಗ, ಮರಡಿಹಳ್ಳಿ, ಮಾರಿಕಣಿವೆ: ಕ್ಯಾಮೆರಾ ಹಿಡಿದು ಹೊರಡುವವರಿಗೆ

ಹೊರಡುವ ಹಿಂದಿನ ರಾತ್ರಿ ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಟೈಮ್‌ಲ್ಯಾಪ್ಸ್ ತೆಗೆದು ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟು ಹುಡುಕಿ. 1984ರಿಂದ ಈಚೆಗೆ ಉಪಗ್ರಹಗಳು ತೆಗೆದ ಚಿತ್ರಗಳು ವರ್ಷಕ್ಕೊಂದರಂತೆ ಓಡುತ್ತವೆ. ನೀರು ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಪಿಯುಸಿ ಓದುವ ನನ್ನ ಮಗಳು ಅದನ್ನು ನೋಡಿ, "ಅಮ್ಮ, ಡ್ಯಾಮ್ ಉಸಿರಾಡ್ತಾ ಇದೆ" ಅಂದಳು. ಅದೇ ಚಿತ್ರವನ್ನು ಸ್ವಲ್ಪ ಸರಿಸಿ ಹೊಳಲ್ಕೆರೆ, ಭೀಮಸಮುದ್ರದ ಕಡೆ ಬನ್ನಿ. ಹಸಿರು ಗುಡ್ಡದ ಮಧ್ಯೆ ಚರ್ಮ ಸುಲಿದ ಹಾಗೆ ಕೆಂಪು ಮಚ್ಚೆಗಳು ಕಾಣುತ್ತವೆ. ಕಬ್ಬಿಣದ ಅದಿರಿನ ಗಣಿಗಳು ಅವು. ಇಷ್ಟು ನೋಡಿಕೊಂಡು ಹೋದರೆ ಕಣ್ಣು ಬೇರೆ ಥರ ಕೆಲಸ ಮಾಡುತ್ತದೆ.

ನಾವು ದಾವಣಗೆರೆಯಿಂದ ಹೊರಟದ್ದು 2025ರ ಜನವರಿ ಕೊನೆಯ ವಾರ. ಎರಡು ದಿನ ಸಾಕು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಅಲ್ಲಿಂದ ಹಿರಿಯೂರಿಗೆ ಸುಮಾರು 40, ಮಾರಿಕಣಿವೆಗೆ ಇನ್ನೊಂದು 20. ಬಸ್ಸು ಬೇಕಾದಷ್ಟಿವೆ. ಆದರೆ ಮರಡಿಹಳ್ಳಿಗೂ ಜೋಗಿಮಟ್ಟಿಗೂ ಸ್ವಂತ ಗಾಡಿ ಇದ್ದರೆ ಅನುಕೂಲ. ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಳ್ಳುವುದಾದರೆ ಪೇಪರಿನಲ್ಲೇ ಕಟ್ಟಿಸಿಕೊಂಡು ಬಟ್ಟೆ ಚೀಲಕ್ಕೆ ಹಾಕಿಕೊಳ್ಳಿ. ಕವರ್ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕೋಟೆ. ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಎಳೆ ಬಿಸಿಲು ಬಿದ್ದಾಗ ಅಲ್ಲಿನ ಗುಂಡು ಬಂಡೆಗಳು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಹತ್ತು ಗಂಟೆ ದಾಟಿದರೆ ಎಲ್ಲಾ ಬಿಳುಚಿಕೊಂಡು ಫೋಟೋ ಚಪ್ಪಟೆ ಆಗುತ್ತದೆ. ಮೆಟ್ಟಿಲು ಸವೆದು ನುಣುಪಾಗಿವೆ, ಹಿಡಿತ ಇರುವ ಶೂ ಹಾಕಿ. ಮಂಗಗಳಿವೆ, ಬ್ಯಾಗಿನ ಜಿಪ್ ಮುಚ್ಚಿರಲಿ. ಟ್ರೈಪಾಡ್‌ಗೂ ಡ್ರೋನ್‌ಗೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಮೊದಲೇ ಪಡೆಯದಿದ್ದರೆ ಗೇಟಿನಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಎಲ್ಲರೂ ಓಬವ್ವನ ಕಿಂಡಿಯಲ್ಲಿ ಸಾಲು ನಿಲ್ಲುತ್ತಾರೆ. ನಿಲ್ಲಬೇಕಾದ ಜಾಗವೇ. ಆದರೆ ನಿಮ್ಮ ಸಮಯವನ್ನೆಲ್ಲ ಅಲ್ಲೇ ಖರ್ಚು ಮಾಡಬೇಡಿ. ಮೇಲೆ ಹತ್ತಿ ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಅರ್ಧ ಗಂಟೆ ಕೂರಿ. ಬಂಡೆಯ ಮೇಲೆ ಬಿದ್ದ ಮಳೆ ಈ ಹೊಂಡಕ್ಕೆ ಇಳಿಯುತ್ತದೆ. ಇದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ಪಾಳೆಯಗಾರರ ಕಾಲದ ಜನ ಒಂದು ಹನಿಯನ್ನೂ ಸುಮ್ನೆ ಬಿಟ್ಟಿರಲಿಲ್ಲ. ಮನುಷ್ಯ ಕೈ ಹಾಕಿದ ಕಡೆಯೆಲ್ಲ ನೆಲ ಹಾಳಾಗುತ್ತದೆ ಅಂತ ಯಾರಾದರೂ ಅಂದರೆ ನಾನು ಈ ಹೊಂಡ ತೋರಿಸುತ್ತೇನೆ. ನಾವು ಹೋದ ದಿನ ಅದರ ಮೂಲೆಯಲ್ಲಿ ನೀರಿನ ಬಾಟಲಿಗಳು ತೇಲುತ್ತಿದ್ದವು. ಮಗಳು ಅವು ಬಾರದ ಹಾಗೆ ಕ್ಯಾಮೆರಾ ಓರೆ ಮಾಡಿದಳು. "ಅದೂ ಇರಲಿ, ಒಂದು ತೆಗಿ" ಅಂದೆ. ಮನಸ್ಸಿಲ್ಲದೆ ತೆಗೆದಳು.

ಸಂಜೆಗೆ ಜೋಗಿಮಟ್ಟಿ. ಅದು ಕಾಡು, ಅರಣ್ಯ ಇಲಾಖೆಯ ಗೇಟ್ ದಾಟಿ ಹೋಗಬೇಕು. ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ, ಯಾವಾಗ ವಾಪಸ್ ಬರಬೇಕು ಅಂತ ಬೆಳಿಗ್ಗೆಯೇ ಕೇಳಿಕೊಳ್ಳಿ. ಮೇಲೆ ಗಾಳಿ ಜೋರು, ಜನವರಿಯಲ್ಲಿ ಸ್ವೆಟರ್ ಬೇಕೇ ಬೇಕು. ಸುತ್ತಲಿನ ಗುಡ್ಡದ ಸಾಲುಗಳಲ್ಲೆಲ್ಲ ಗಾಳಿ ಫ್ಯಾನುಗಳು. ಫ್ಯಾನ್ ಇಲ್ಲದ ಫ್ರೇಮ್ ಸಿಗಲಿ ಅಂತ ಮಗಳು ಆ ಕಡೆ ಈ ಕಡೆ ಓಡಾಡಿದಳು, ಸಿಗಲಿಲ್ಲ. ನನಗಂತೂ ಅವುಗಳ ಮೇಲೆ ಸಿಟ್ಟಿಲ್ಲ. ಕಲ್ಲಿದ್ದಲು ಸುಡದೆ ಬರುವ ಕರೆಂಟು ಅದು. ಆದರೆ ಫ್ಯಾನು ನಿಲ್ಲಿಸಲು ಗುಡ್ಡದ ಬೆನ್ನು ಕೊರೆದು ರಸ್ತೆ ಮಾಡಬೇಕು. ಆ ಗೆರೆಗಳೂ ದೂರದಿಂದ ಕಾಣುತ್ತಿದ್ದವು. ಎರಡೂ ನಿಜ. ಫೋಟೋದಲ್ಲಿ ಎರಡೂ ಬರಲಿ.

ಮರುದಿನ ಮರಡಿಹಳ್ಳಿ. ನನ್ನ ಲೆಕ್ಕದಲ್ಲಿ ಈ ಪ್ರವಾಸದ ಮುಖ್ಯ ಜಾಗ ಇದೇ. ಹಾಗಿದ್ದೂ ದುರ್ಗಕ್ಕೆ ಬರುವವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹಿರಿಯೂರಿಗೆ ಹೋಗುವಾಗ ಐಮಂಗಲದ ಹತ್ತಿರ ಈ ಹಳ್ಳಿ ಬರುತ್ತದೆ. ಊರಿನವರನ್ನು ಕೇಳಿ, ದಾರಿ ತೋರಿಸುತ್ತಾರೆ. ಇಲ್ಲಿರುವುದು ಪಿಲ್ಲೋ ಲಾವಾ. ಸುಮಾರು 250 ಕೋಟಿ ವರ್ಷದ ಹಿಂದೆ ಈ ಜಾಗ ಸಮುದ್ರದ ತಳ. ಅಡಿಯಿಂದ ಉಕ್ಕಿದ ಲಾವಾ ತಣ್ಣೀರು ತಾಕಿದ ಕೂಡಲೇ ಹೊರಗೆ ಗಟ್ಟಿಯಾಗಿ ದಿಂಬಿನ ಆಕಾರ ಪಡೆಯಿತು. ಒಂದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಪೇರಿಸಿಕೊಂಡಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1976ರಲ್ಲೇ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಬಯಲುಸೀಮೆಯ ಒಣ ನೆಲದಲ್ಲಿ ನಿಂತು ಸಮುದ್ರದ ತಳವನ್ನು ಕೈಯಾರೆ ಮುಟ್ಟಬಹುದು!

ಇಲ್ಲಿ ದೂರದ ಫೋಟೋ ತೆಗೆದರೆ ಏನೂ ತಿಳಿಯುವುದಿಲ್ಲ, ಸುಮ್ನೆ ಒಂದು ಕಲ್ಲುಗುಡ್ಡೆ ಅನ್ನಿಸುತ್ತದೆ. ಹತ್ತಿರ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ. ಒಂದೊಂದು ದಿಂಬಿನ ಅಂಚಿನ ಸುತ್ತ ತೆಳುವಾದ ಪಟ್ಟಿ ಕಾಣುತ್ತದೆ. ನೀರು ತಾಕಿ ತಟ್ಟನೆ ಆರಿದ ಭಾಗ ಅದು. ಮಗಳು ಬೆರಳಿನಿಂದ ಆ ಪಟ್ಟಿಯ ಗುಂಟ ಹೋದಳು. ಅರ್ಧ ಸುತ್ತು ಬಂದಾಗ ಬೆರಳು ನಿಂತಿತು. ಅಲ್ಲಿಂದ ಮುಂದೆ ಬಿಳಿ ಪೇಂಟು. ಯಾರೋ ಹುಡುಗ ತನ್ನ ಹೆಸರು, ಒಂದು ಹೃದಯ, ಇನ್ನೊಂದು ಹೆಸರು ಬರೆದಿದ್ದ. ಕಾಲ ಬುಡದಲ್ಲಿ ಒಡೆದ ಬಿಯರ್ ಬಾಟಲಿಯ ಚೂರು. ಚಪ್ಪಲಿಯಲ್ಲಿ ಹೋಗಬೇಡಿ ಅನ್ನುವುದು ಅದಕ್ಕೇ. ನನಗೆ ಹೊಟ್ಟೆಯೊಳಗೆ ಹಿಂಡಿದ ಹಾಗಾಯಿತು.

ಮಗಳ ಕಪಾಟಿನ ಬಾಗಿಲ ಮೇಲೆ ಒಂದು ಫೋಟೋ ಅಂಟಿಸಿದೆ. 1968ರ ಡಿಸೆಂಬರ್ 24ರಂದು ಅಪೊಲೊ 8ರಲ್ಲಿ ಚಂದ್ರನ ಸುತ್ತ ಸುತ್ತುತ್ತಿದ್ದ ಬಿಲ್ ಆಂಡರ್ಸ್ ತೆಗೆದದ್ದು. ಬೂದು ಬಣ್ಣದ ಚಂದ್ರನ ನೆಲದ ಆಚೆ ನೀಲಿ ಭೂಮಿ ಮೇಲೇಳುತ್ತಿದೆ. ಆ ಫೋಟೋ ಬಂದು ಒಂದೂವರೆ ವರ್ಷ ಆಗುವುದರೊಳಗೆ, 1970ರ ಏಪ್ರಿಲ್ 22ರಂದು, ಅಮೆರಿಕದಲ್ಲಿ ಮೊದಲ ಭೂಮಿ ದಿನ ನಡೆಯಿತು. ಅಷ್ಟು ದೂರದಿಂದ ನೋಡಿದರೆ ಇದು ನಮ್ಮ ಮನೆ ಅಂತ ಪ್ರೀತಿ ಉಕ್ಕುತ್ತದೆ. ಆದರೆ ಮನೆಯ ಗೋಡೆಗೆ ಏನಾಗಿದೆ ಅಂತ ಅಲ್ಲಿಂದ ಕಾಣುವುದಿಲ್ಲ, ಅಲ್ವಾ? ಮರಡಿಹಳ್ಳಿಯಲ್ಲಿ ನಾವು ಗೋಡೆಯಿಂದ ಒಂದು ಮೊಳ ದೂರದಲ್ಲಿದ್ದೆವು. ಈ ಸಲ ನಾನು ಹೇಳಬೇಕಾಗಲಿಲ್ಲ. ಪೇಂಟು, ಚೂರು, ಪಟ್ಟಿ ಎಲ್ಲಾ ಸೇರಿಸಿ ಅವಳೇ ತೆಗೆದಳು. ಆಮೇಲೆ ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಗಾಡಿಗೆ ಹಾಕಿದೆವು. ನೀವೂ ಒಂದು ಖಾಲಿ ಗೋಣಿಚೀಲ ಇಟ್ಟುಕೊಂಡಿರಿ, ಕೆಲಸಕ್ಕೆ ಬರುತ್ತದೆ.

ಮಾರಿಕಣಿವೆಗೆ ಮಧ್ಯಾಹ್ನದ ನಂತರ ಹೋಗಿ. ವೇದಾವತಿ ನದಿಗೆ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು, ಸರ್ಕಾರಿ ಹೆಸರು ವಾಣಿವಿಲಾಸ ಸಾಗರ. ಪೂರ್ತಿ ಮಟ್ಟ 130 ಅಡಿ, 30 ಟಿಎಂಸಿ ನೀರು ಹಿಡಿಯುತ್ತದೆ. 1933ರಲ್ಲಿ ಮೊದಲ ಸಲ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷ ಕಳೆದು 2022ರಲ್ಲಿ. ನಾವು ಹೋದ ಜನವರಿಯಲ್ಲಿ ಮೂರನೇ ಸಲ. ರಜೆ ದಿನ ಹೋಗಬೇಡಿ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಎದುರಿನ ಗುಡ್ಡ ಹತ್ತಿದರೆ ನೀರು ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆ ಫೋಟೋ ಖಂಡಿತ ತೆಗೆಯಿರಿ. ಆದರೆ ಅದೇ ನೀರು 2022ರಲ್ಲಿ ಹಿನ್ನೀರಿನ ಕಡೆ ಹೊಸದುರ್ಗದ ತೋಟಗಳಿಗೆ ನುಗ್ಗಿತ್ತು. ಈಗಿನ ನೀರಿನಲ್ಲಿ ಮಳೆಯ ಪಾಲಿನ ಜೊತೆ ಭದ್ರಾದಿಂದ ಪಂಪ್ ಮಾಡಿ, ಅಜ್ಜಂಪುರದ ಸುರಂಗ ದಾಟಿಸಿ ತಂದ ಪಾಲೂ ಇದೆ.

ಕೋಡಿಯ ಹತ್ತಿರ ಜನ ಬಾಗಿನ ಬಿಡುತ್ತಿದ್ದರು. ಸುಮಾರು ಮಂದಿ ಪ್ಲಾಸ್ಟಿಕ್ ಕವರ್ ಸಮೇತ ಎಸೆದು ಹೋದರು. ಒಬ್ಬ ಅಜ್ಜಿ ಮಾತ್ರ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತರು. ಕವರಿನ ಗಂಟು ಹಲ್ಲಿನಿಂದ ಬಿಚ್ಚಿ, ಮೊರವನ್ನಷ್ಟೇ ನೀರಿಗೆ ಬಿಟ್ಟು, ಕವರನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಎರಡು ದಿನದಲ್ಲಿ ನನಗೆ ಅತಿ ಇಷ್ಟವಾದ ಫೋಟೋ ಅದು. ಕೇಳಿಯೇ ತೆಗೆದದ್ದು. ನೀವೂ ಜನರ ಫೋಟೋ ತೆಗೆಯುವ ಮುಂಚೆ ಕೇಳಿ.

ಹಿರಿಯೂರು ಕಡೆ ನಮ್ಮ ಚಿಕ್ಕಪ್ಪನ ತೆಂಗಿನ ತೋಟ ಇದೆ. 2016ರಿಂದ ಸಾಲಾಗಿ ಬಂದ ಬರದಲ್ಲಿ ಅರ್ಧಕ್ಕಿಂತ ಜಾಸ್ತಿ ಮರಗಳ ಸುಳಿ ಒಣಗಿ ಹೋಗಿದ್ದವು. "ಸಾವಿರ ಅಡಿ ಕೊರೆಸಿದ್ರೂ ಬರೀ ಧೂಳು ಬಂತವ್ವಾ" ಅನ್ನುತ್ತಾರೆ ಈಗಲೂ. ಅವರೂ ನಮ್ಮ ಜೊತೆ ಡ್ಯಾಮಿಗೆ ಬಂದಿದ್ದರು. ಜೇಬಿನಿಂದ ಮೊಬೈಲ್ ತೆಗೆದು ಒಂದು ಹಳೆ ಫೋಟೋ ತೋರಿಸಿದರು. ಬಿರುಕು ಬಿಟ್ಟ ಕೆಸರು ನೆಲ, ಅದರ ಮೇಲೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕು, ಪಕ್ಕದಲ್ಲಿ ಲುಂಗಿ ಎತ್ತಿ ಕಟ್ಟಿದ ಚಿಕ್ಕಪ್ಪ. 2017ರಲ್ಲಿ, ಇದೇ ಜಲಾಶಯದ ಒಳಗೆ.

"ಅದೇ ಜಾಗದಲ್ಲಿ ಈಗ ಒಂದು ತೆಗೀತೀಯಾ ಪುಟ್ಟಿ?" ಅಂತ ಮಗಳನ್ನು ಕೇಳಿದರು.

"ಎಲ್ಲಿ ಚಿಕ್ಕಜ್ಜ?"

ಅವರು ದಡದಲ್ಲಿ ನಿಂತು ನೀರಿನ ನಡುವೆ ಒಂದು ಕಡೆ ಬೆರಳು ತೋರಿಸಿದರು. ಅವಳು ಹಾಗೇ ತೆಗೆದಳು, ಬೆರಳು ತೋರಿಸುತ್ತಿರುವಾಗಲೇ. ಎರಡೂ ಫೋಟೋ ಒಟ್ಟಿಗೆ ಪ್ರಿಂಟ್ ಹಾಕಿಸಿ ಕಳಿಸು ಅಂದರು ಚಿಕ್ಕಪ್ಪ, ಒಂದೇ ಫ್ರೇಮಿಗೆ ಹಾಕಿಸುತ್ತಾರಂತೆ.