ಸಿಯಾಟಲ್ ಮೆಟ್ರೊಪಾಲಿಟನ್ಸ್ 1916-17 ಡೈಸ್ ಗೇಮ್: ಕೆಲಸ ಎಲ್ಲಿಗೆ ಬಂತು

ಹಳೇ ಐಸ್ ಹಾಕಿ ಸೀಸನ್ ಒಂದನ್ನ ದಾಳ ಹಾಕಿ ಆಡೋ ಗೇಮು ಮನೇಲೇ ಮಾಡ್ತಿದ್ದೆ, ಅದು ಅಂತೂ ಇಂತೂ ಆಡೋ ಹಂತಕ್ಕೆ ಬಂದಿದೆ. ನೋಡೋಕೆ ಏನೂ ಚೆನ್ನಾಗಿಲ್ಲ, ಕಾರ್ಡೆಲ್ಲ ಮನೆ ಪ್ರಿಂಟರ್‌ದು, ರಿಂಕ್ (ಐಸಿನ ಅಂಗಳ) ಅನ್ನೋದು ಒಂದು ಚಾರ್ಟ್ ಶೀಟು, ಆದ್ರೆ ಒಂದು ಮ್ಯಾಚು ಬೇಜಾರಾಗೋದ್ರೊಳಗೆ ಮುಗಿಯುತ್ತೆ, ಸ್ಕೋರುಗಳೂ ಆ ಕಾಲದ ಸ್ಕೋರಿನ ಥರಾನೇ ಬರ್ತಿವೆ, 5-3, 6-4, 4-2 ಹೀಗೆ. ನನಗೆ ಬೇಕಿದ್ದಿದ್ದು ಅಷ್ಟೇ.

ಹೊಸದಾಗಿ ಓದ್ತಿರೋರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಐಸ್ ಹಾಕಿಯ ಅತಿ ದೊಡ್ಡ ಟ್ರೋಫಿ ಸ್ಟ್ಯಾನ್ಲಿ ಕಪ್ ಗೆದ್ದ ಮೊದಲ ಅಮೆರಿಕನ್ ಟೀಮ್ ಯಾವ್ದು ಅಂದ್ರೆ ಬಹಳ ಜನ ನ್ಯೂಯಾರ್ಕೋ ಬಾಸ್ಟನ್ನೋ ಅಂತಾರೆ, ಅದು ಸಿಯಾಟಲ್, 1917ರಲ್ಲಿ, ಆಗಿನ್ನೂ ಈಗಿನ ದೊಡ್ಡ ಐಸ್ ಹಾಕಿ ಲೀಗು ಎನ್‌ಎಚ್‌ಎಲ್ ಹುಟ್ಟೇ ಇರ್ಲಿಲ್ಲ, ಅದು ಶುರುವಾಗಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಪಶ್ಚಿಮದ ಕಡೆ ಫ್ರಾಂಕ್ ಪ್ಯಾಟ್ರಿಕ್, ಲೆಸ್ಟರ್ ಪ್ಯಾಟ್ರಿಕ್ ಅಂತ ಅಣ್ಣತಮ್ಮ ಇದ್ರು, ಅವರಪ್ಪನ ಮರದ ವ್ಯಾಪಾರದ ದುಡ್ಡಲ್ಲಿ 1911ರಲ್ಲಿ ಪೆಸಿಫಿಕ್ ಕೋಸ್ಟ್ ಹಾಕಿ ಅಸೋಸಿಯೇಷನ್ ಶುರು ಮಾಡಿದ್ರು, ಮುಂದೆ ಪಶ್ಚಿಮದ ಲೀಗು ಅಂದ್ರೆ ಇದೇ. ಈ ಕಡೆ ಚಳಿಗಾಲದಲ್ಲಿ ಮಳೆ ಜಾಸ್ತಿ ಹಿಮ ಕಮ್ಮಿ, ಅದಕ್ಕೆ ಮೆಷಿನ್ನಲ್ಲಿ ಐಸ್ ಮಾಡೋ ರಿಂಕುಗಳನ್ನೇ ಕಟ್ಟಿಸಿದ್ರು. ಸಿಯಾಟಲ್ ಟೀಮ್ ಬಂದಿದ್ದು 1915ರಲ್ಲಿ. ಬಂದ ತಕ್ಷಣ ಟೊರಾಂಟೊ ಬ್ಲೂಶರ್ಟ್ಸ್ ಟೀಮಿಂದ ಐದು ಜನನ್ನ ಒಟ್ಟಿಗೆ ಎತ್ತಾಕ್ಕೊಂಡು ಬಂದ್ರು: ಗೋಲಿ (ಗೋಲ್ ಕೀಪರ್) ಹ್ಯಾಪ್ ಹೋಮ್ಸ್, ಫ್ರಾಂಕ್ ಫಾಯ್ಸ್ಟನ್, ಜ್ಯಾಕ್ ವಾಕರ್, ಕಲ್ಲಿ ವಿಲ್ಸನ್, ಎಡ್ ಕಾರ್ಪೆಂಟರ್. ಈ ಹೆಸರುಗಳು ನೆನಪಿರ್ಲಿ, ಮುಂದೆ ಬೇಕಾಗುತ್ತೆ. ಮ್ಯಾನೇಜರ್ ಪೀಟ್ ಮಲ್ಡೂನ್, ಬಾಕ್ಸಿಂಗ್ ಮಾಡ್ತಿದ್ದ ಆಸಾಮಿ, ಕಪ್ ಗೆದ್ದಾಗ ವಯಸ್ಸು 29.

ನಾನಿರೋದು ಸಿಯಾಟಲ್ ಪಕ್ಕದ ಬೆಲ್‌ವ್ಯೂ, ಹಾಕಿ ಅಂದ್ರೆ ಧನರಾಜ್ ಪಿಳ್ಳೈ ಅಂದ್ಕೊಂಡು ಬೆಳೆದೋನು. 2024ರ ಹೊಸ ವರ್ಷದ ದಿನ ಸಿಯಾಟಲ್‌ನ ಈಗಿನ ಎನ್‌ಎಚ್‌ಎಲ್ ಟೀಮು ಕ್ರಾಕೆನ್, ಹಳೇ ಮೆಟ್ರೊಪಾಲಿಟನ್ಸ್ ಥರದ ಪಟ್ಟೆಪಟ್ಟೆ ಜೆರ್ಸಿ ಹಾಕ್ಕೊಂಡು ಬಯಲಲ್ಲಿ ಆಡ್ತಲ್ಲ, ಅಲ್ಲಿಂದ ಹತ್ತಿದ ಹುಚ್ಚಿದು.

ಈಗ ವಿಷಯಕ್ಕೆ ಬರ್ತೀನಿ. ಮೊದಲು ಗೂಗಲ್ ಶೀಟಲ್ಲಿ ಸೀಸನ್ನಿನ ನಂಬರ್ ಹಾಕ್ಕೊಂಡೆ. ನಾಲ್ಕೇ ಟೀಮು. ಸಿಯಾಟಲ್ 24 ಮ್ಯಾಚು, 16 ಗೆಲುವು 8 ಸೋಲು. ವ್ಯಾಂಕೂವರ್ ಮಿಲಿಯನೇರ್ಸ್ 14-9. ಪೋರ್ಟ್‌ಲ್ಯಾಂಡ್ ರೋಸ್‌ಬಡ್ಸ್ 9-15. ಕೊನೇಲಿ ಸ್ಪೋಕೇನ್ ಕ್ಯಾನರೀಸ್ 8-15, ಇದು ಮೂಲತಃ ವಿಕ್ಟೋರಿಯಾದ ಟೀಮು, ಅಲ್ಲಿನ ರಿಂಕನ್ನ ಯುದ್ಧ ಅಂತ ಮಿಲಿಟರಿಯೋರು ತಗೊಂಡ್ರು, ಇವ್ರು ಗಂಟುಮೂಟೆ ಕಟ್ಕೊಂಡು ಸ್ಪೋಕೇನಿಗೆ ಹೋದ್ರು, ಒಂದೇ ಸೀಸನ್ನಿಗೆ ಅಂಗಡಿ ಮುಚ್ತು.

ಗೋಲು ನೋಡಿ. ಹೊಡೆದಿದ್ದು, ಹೊಡೆಸ್ಕೊಂಡಿದ್ದು ಆ ಕ್ರಮದಲ್ಲಿ ಹೇಳ್ತೀನಿ. ಸಿಯಾಟಲ್ 125-80, ವ್ಯಾಂಕೂವರ್ 131-124, ಪೋರ್ಟ್‌ಲ್ಯಾಂಡ್ 114-112, ಸ್ಪೋಕೇನ್ 89-143. ಎರಡೂ ಕಡೆ ಕೂಡಿದ್ರೆ 459ಕ್ಕೆ 459, ಲೆಕ್ಕ ಸರಿಯಾಗಿ ಕೂತ್ಕೊಳ್ತು, ಖುಷಿಯಾಯ್ತು. ಬೇಸ್‌ಬಾಲ್‌ನೋರ ಹಳೇ ಫಾರ್ಮುಲಾ ಒಂದಿದೆ, ಹೊಡೆದಿದ್ದರ ವರ್ಗವನ್ನ ಎರಡೂ ವರ್ಗಗಳ ಮೊತ್ತದಿಂದ ಭಾಗಿಸಿ ಮ್ಯಾಚಿನ ಸಂಖ್ಯೆಯಿಂದ ಗುಣಿಸಿದ್ರೆ ಟೀಮ್ ಎಷ್ಟು ಗೆಲ್ಬೇಕಿತ್ತು ಅನ್ನೋ ಅಂದಾಜು ಸಿಗುತ್ತೆ. ಸಿಯಾಟಲ್‌ಗೆ 17 ಬಂತು, ಗೆದ್ದಿದ್ದು 16, ಸರಿ. ಆದ್ರೆ ಪೋರ್ಟ್‌ಲ್ಯಾಂಡ್‌ಗೆ 12 ಬರುತ್ತೆ ಕಣ್ರೀ, ಗೆದ್ದಿದ್ದು 9! ಹೊಡೆಸ್ಕೊಂಡಿದ್ದಕ್ಕಿಂತ ಜಾಸ್ತಿ ಹೊಡೆದು 15 ಮ್ಯಾಚ್ ಸೋತವ್ರು ಇವ್ರು. ಡಿಕ್ ಇರ್ವಿನ್ ಥರದ ಆಟಗಾರ ಇದ್ದ, ಹಿಂದಿನ ವರ್ಷ ಕಪ್ ಫೈನಲ್‌ಗೂ ಹೋಗಿದ್ರು, ಪಾಪ.

ಆದ್ರೆ ನನ್ನ ಕಣ್ಣು ನಿಂತಿದ್ದು 80ರ ಮೇಲೆ. ಸಿಯಾಟಲ್ ಬಗ್ಗೆ ಯಾರು ಬರೆದ್ರೂ ಬರ್ನಿ ಮಾರಿಸ್ 37 ಗೋಲು, ಫಾಯ್ಸ್ಟನ್ 36 ಗೋಲು ಅಂತಾನೇ ಶುರು ಮಾಡ್ತಾರೆ. ಗೋಲು ಹೊಡೆಯೋದ್ರಲ್ಲಿ ವ್ಯಾಂಕೂವರ್ ಇವರಿಗಿಂತ ಮುಂದಿತ್ತು, ಅದೂ ಒಂದು ಮ್ಯಾಚ್ ಕಮ್ಮಿ ಆಡಿ, ಅಲ್ಲಿ ಗೋರ್ಡನ್ ರಾಬರ್ಟ್ಸ್ ಒಬ್ಬನೇ 43 (ಡಾಕ್ಟರ್ ಓದಿದ್ದ ಮನುಷ್ಯ). ಉಳಿದ ಮೂರೂ ಟೀಮು ನೂರು ದಾಟಿ ಹೊಡೆಸ್ಕೊಂಡಿವೆ, ಸಿಯಾಟಲ್ ಒಂದೇ 80ಕ್ಕೆ ನಿಂತಿದೆ. ಕಪ್ ಬಂದಿದ್ದು ಇಲ್ಲಿಂದ ಅಂತ ನನ್ನ ವಾದ, ಗೇಮಲ್ಲಿ ಇದು ಕಾಣ್ಲೇಬೇಕು ಅಂತ ಹಠ ಹಿಡಿದೆ.

ಮೆಕ್ಯಾನಿಕ್ಸ್ ಹೀಗೆ. ಒಂದು ಟರ್ನ್ ಅಂದ್ರೆ 2 ನಿಮಿಷ, ಪೀರಿಯಡ್‌ಗೆ 10, ಮ್ಯಾಚಿಗೆ 30 ಟರ್ನ್. ಪ್ರತಿ ಟರ್ನಲ್ಲೂ ಎರಡೂ ಕಡೆಯವ್ರು ಒಂದೊಂದು ಸಲ ಎರಡು ದಾಳ ಹಾಕ್ತಾರೆ, ಕೂಡಿದ್ರೆ 7 ಬಂದ್ರೆ ಗೋಲು. 7 ಬೀಳೋ ದಾರಿ 36ರಲ್ಲಿ 6, ಅಂದ್ರೆ 30 ಟರ್ನಿಗೆ ಸರಾಸರಿ 5 ಗೋಲು. ಲೀಗಿನ ಒಟ್ಟು 459 ಗೋಲನ್ನ 47 ಮ್ಯಾಚಿಗೆ ಹಂಚಿದ್ರೆ ಒಂದೊಂದು ಕಡೆಗೆ ಹತ್ತಿರ ಹತ್ತಿರ 4.9, ಅಂದ್ರೆ ದಾಳ ತಾನಾಗೇ ಆ ಕಾಲಕ್ಕೆ ಹೊಂದ್ಕೊಳ್ತು, ನಾನೇನೂ ತಿದ್ದೋ ಹಾಗೇ ಇರ್ಲಿಲ್ಲ.

ಗೋಲು ಯಾರದ್ದು ಅನ್ನೋಕೆ 20 ಮುಖದ ದಾಳ ಒಂದಿದೆ. ಸಿಯಾಟಲ್‌ಗೆ 1ರಿಂದ 6 ಮಾರಿಸ್, 7ರಿಂದ 12 ಫಾಯ್ಸ್ಟನ್, 13-14 ವಾಕರ್, ಉಳಿದಿದ್ದು ವಿಲ್ಸನ್, ಬಾಬಿ ರೋ, ಕಾರ್ಪೆಂಟರ್, ರಾಯ್ ರಿಕಿ, ಜಿಮ್ ರೈಲಿ. ಈ ರೈಲಿ ಮುಂದೆ ಮೇಜರ್ ಲೀಗ್ ಬೇಸ್‌ಬಾಲೂ ಆಡ್ದ, ಎನ್‌ಎಚ್‌ಎಲ್ಲೂ ಆಡ್ದ, ಎರಡನ್ನೂ ಆಡಿದೋನು ಅವನೊಬ್ಬನೇ. ಗೋಲಿಯೂ ಸೇರಿ ಇಷ್ಟೇ ಜನ ಇಡೀ ಸೀಸನ್ ಆಡಿದ್ದು, ಒಂಬತ್ತು! ಈಗಿನ ಥರ ಮುಕ್ಕಾಲು ನಿಮಿಷಕ್ಕೊಂದ್ಸಲ ಬದಲಾಯ್ಸೋದೆಲ್ಲ ಇಲ್ಲ, ಇಳಿದ್ರೆ ಬಹುಪಾಲು ಅರವತ್ತು ನಿಮಿಷಾನೂ ಅವ್ರೇ.

ಟೆಸ್ಟ್ ಮಾಡೋಕೆ ಮಗಳನ್ನ ಕೂರಿಸ್ಕೊಂಡೆ. ಅವಳಿಗೆ ಸಿಯಾಟಲ್ ಕೊಟ್ಟೆ. ಎರಡು ಪೀರಿಯಡ್ ಆಡಿ ವಾಕರ್ ಕಾರ್ಡ್ ಎತ್ತಿ ತೋರಿಸಿ "ಅಪ್ಪಾ, ಇವ್ನು ಏನಕ್ಕಿದಾನೆ? ಗೋಲೂ ಹೊಡಿಯಲ್ಲ, ಏನೂ ಮಾಡಲ್ಲ" ಅಂದ್ಲು.

"ತಡಿ ಪುಟ್ಟಿ, ಅವ್ನೇ ಮೇನು" ಅಂದೆ. ಆದ್ರೆ ಕಾರ್ಡಲ್ಲಿ ಅದಕ್ಕೆ ಸಾಕ್ಷಿ ಬೇಕಲ್ಲ.

ಜ್ಯಾಕ್ ವಾಕರ್ ರೋವರ್. ಪಶ್ಚಿಮದ ಲೀಗಲ್ಲಿ ಏಳು ಜನ ಆಡ್ತಿದ್ರು, ಗೋಲಿ, ಇಬ್ಬರು ಡಿಫೆನ್ಸು, ಮೂವರು ಫಾರ್ವರ್ಡು, ಇವರ ಮಧ್ಯೆ ಎಲ್ಲಿ ಬೇಕಾದ್ರೂ ಓಡಾಡೋ ಏಳನೇಯವನು ರೋವರು. ವಾಕರ್ ಹೆಸರು ಮಾಡಿದ್ದು ಹುಕ್ ಚೆಕ್ಕಿಗೆ, ಮಂಡಿ ಬಗ್ಗಿಸಿ ಸ್ಟಿಕ್ಕನ್ನ ಪೂರ್ತಿ ಐಸ್ ಮೇಲೆ ಮಲಗಿಸಿ ಎದುರಾಳಿ ಕೈಯಿಂದ ಪಕ್ಕನ್ನ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಎಳ್ಕೊಂಡುಬಿಡೋದು. ಜೇಬುಗಳ್ಳನ ಕೈಚಳಕ ಅದು, ಹೋದ್ಮೇಲೇನೇ ಗೊತ್ತಾಗೋದು. ಇದನ್ನ ದಾಳಕ್ಕೆ ತರೋದು ಹೇಗೆ ಅಂತ ತುಂಬಾ ತಲೆ ಕೆಡಿಸ್ಕೊಂಡೆ, ಬೇರೆ ಚಾರ್ಟು, ಬೇರೆ ದಾಳ, ಏನೇನೋ ಬರೆದು ಹರಿದು ಹಾಕಿ ಕೊನೆಗೆ ಉತ್ತರ 7ರ ಒಳಗೇ ಇತ್ತು. 7 ಬೀಳೋದು ಆರು ದಾರಿ ಅಲ್ವಾ, 6-1, 5-2, 4-3, ಪ್ರತಿಯೊಂದೂ ಎರಡೆರಡು ಥರ. ಒಂದು ದಾಳ ಕೆಂಪು, ಒಂದು ಬಿಳಿ ಮಾಡ್ದೆ. ಸಿಯಾಟಲ್ ವಿರುದ್ಧ ಆಡೋರಿಗೆ ಕೆಂಪು 6 ಬಿಳಿ 1 ಬಿದ್ರೆ ವಾಕರ್ ಹುಕ್ ಚೆಕ್, ಪಕ್ ಹೋಯ್ತು. ಕೆಂಪು 1 ಬಿಳಿ 6 ಬಿದ್ರೆ ಹೋಮ್ಸ್ ಹಿಡಿದ. ಉಳಿದಿದ್ದು 36ರಲ್ಲಿ 4 ದಾರಿ, 30 ಟರ್ನಿಗೆ 3.33 ಗೋಲು. ಈಗ ನಿಜವಾದ ಸೀಸನ್ನಿನ 80ನ್ನ 24ರಿಂದ ಭಾಗಿಸಿ ನೋಡಿ. 3.33! ಆ ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ನಮ್ಮನೆಯವಳು ನಗ್ತಾಳೆ, ನಗ್ಲಿ.

ಹೋಮ್ಸ್‌ಗೂ ವಾಕರ್‌ಗೂ ಅರ್ಧರ್ಧ ಕೊಟ್ಟಿದ್ದು ನ್ಯಾಯಾನಾ ಅಂತ ಕೇಳ್ಬಹುದು. ಅದು ನನ್ನ ತೀರ್ಮಾನ, ಅಷ್ಟೇ. ಹೋಮ್ಸ್ ನಾಲ್ಕು ಬೇರೆಬೇರೆ ಟೀಮಿನ ಜೊತೆ ನಾಲ್ಕು ಸ್ಟ್ಯಾನ್ಲಿ ಕಪ್ ಗೆದ್ದೋನು, ಅವನನ್ನ ಬಿಡೋಕಾಗಲ್ಲ. ಇಬ್ಬರೂ ಹಾಲ್ ಆಫ್ ಫೇಮಲ್ಲಿದಾರೆ. ತಮಾಷೆ ಅಂದ್ರೆ 37 ಗೋಲಿನ ಮಾರಿಸ್ ಇಲ್ಲ.

ಮುಂದಿನ ಕಗ್ಗಂಟು ಫೈನಲ್ಲು. ಪೂರ್ವದ ಲೀಗು ಎನ್‌ಎಚ್‌ಎ, ಅಲ್ಲಿಂದ ಮಾಂಟ್ರಿಯಲ್ ಕೆನೇಡಿಯನ್ಸ್ ಟ್ರೈನ್ ಹತ್ತಿ ಇಡೀ ಖಂಡ ದಾಟ್ಕೊಂಡು ಬಂದ್ರು, ಹಿಂದಿನ ವರ್ಷದ ಚಾಂಪಿಯನ್ನರು, ಗೋಲಲ್ಲಿ ಜಾರ್ಜ್ ವೆಜಿನಾ, ಮುಂದೆ ನ್ಯೂಸಿ ಲಲಾಂಡ್, ಡಿಡಿಯೆ ಪಿಟ್ರ್. ಸರಣಿಯ ಎಲ್ಲ ಮ್ಯಾಚೂ ಸಿಯಾಟಲ್ಲಲ್ಲೇ, ಆದ್ರೆ ಒಂದು ಮ್ಯಾಚು ಪಶ್ಚಿಮದ ರೂಲು, ಮುಂದಿನದು ಪೂರ್ವದ ರೂಲು, ಹೀಗೆ ಅದಲುಬದಲು. ಪೂರ್ವದ ರೂಲಲ್ಲಿ ಆರೇ ಜನ, ರೋವರ್ ಇಲ್ಲ, ಮುಂದಕ್ಕೆ ಪಾಸ್ ಕೊಡೋ ಹಾಗಿಲ್ಲ (ಪಶ್ಚಿಮದಲ್ಲಿ ನೀಲಿ ಗೆರೆ ಎಳೆದು ಮಧ್ಯದ ಭಾಗದಲ್ಲಿ ಅದಕ್ಕೆ ಒಪ್ಪಿದ್ರು), ಗೋಲಿ ಐಸ್ ಮೇಲೆ ಬಿದ್ದು ತಡೆಯೋ ಹಾಗೂ ಇಲ್ಲ. ಅಂದ್ರೆ ನನ್ನ ಗೇಮಲ್ಲಿ ಪೂರ್ವದ ರೂಲಿನ ದಿನ ಹೋಮ್ಸ್‌ನ ಕೆಂಪು 1 ಬಿಳಿ 6 ಕ್ಯಾನ್ಸಲ್, ಜೊತೆಗೆ ಯಾರನ್ನ ಬೆಂಚಲ್ಲಿ ಕೂರಿಸ್ತೀರಿ ಅನ್ನೋದು ಆಡೋರ ಇಷ್ಟ.

ನಿಜವಾಗಿ ಆಗಿದ್ದು ಏನು ಅಂದ್ರೆ, ಮಾರ್ಚ್ 17ಕ್ಕೆ ಮೊದಲನೇ ಮ್ಯಾಚು, ಪಶ್ಚಿಮದ ರೂಲು, ಸಿಯಾಟಲ್ ಆರಾಮಾಗಿ ಗೆಲ್ಬೇಕಿತ್ತು, ಮಾಂಟ್ರಿಯಲ್ 8-4, ಪಿಟ್ರ್ ಒಬ್ಬನೇ ನಾಲ್ಕು. ಟ್ರೈನಲ್ಲಿ ಬಂದು ಸುಸ್ತಾಗಿರ್ತಾರೆ ಅಂತ ಮಾಂಟ್ರಿಯಲ್‌ಗೆ ಮೈನಸ್ ಪಾಯಿಂಟ್ ಹಾಕಿ ಅಂತ ಒಬ್ರು ಸಲಹೆ ಕೊಟ್ಟಿದ್ರು, ಈ ಸ್ಕೋರ್ ನೋಡಿದ್ಮೇಲೆ ಹೇಗೆ ಹಾಕೋದು ಹೇಳಿ. 20ಕ್ಕೆ ಎರಡನೇದು, ಪೂರ್ವದ ರೂಲು, ಸಿಯಾಟಲ್ 6-1, ಫಾಯ್ಸ್ಟನ್ ಮೂರು. 23ಕ್ಕೆ 4-1, ಮಾರಿಸ್ ಮೂರು. 26ಕ್ಕೆ ಮತ್ತೆ ಪೂರ್ವದ ರೂಲಲ್ಲೇ 9-1, ಮಾರಿಸ್ ಆರು. ನಾಲ್ಕು ಮ್ಯಾಚಿಗೆ ಮಾರಿಸ್ ಒಬ್ಬನದೇ 14 ಗೋಲು.

ಎದುರಾಳಿ ರೂಲಲ್ಲೇ ಹೀಗೆ ಚಚ್ಚಿದ್ದು ಹೇಗೆ ಅನ್ನೋದಕ್ಕೆ ಮೇಲೆ ಹೇಳಿದ ಐದು ಹೆಸರು ನೋಡಿ, ಅವರೆಲ್ಲ ಟೊರಾಂಟೊದಲ್ಲಿ ಆರು ಜನರ ಆಟ ಆಡೇ ಬಂದೋರು, ಅವರಿಗೇನು ಹೊಸದಲ್ಲ. ಅದಕ್ಕೆ ಆ ಐದು ಕಾರ್ಡಿನ ಮೂಲೇಲಿ ಒಂದು ಸಣ್ಣ ನೀಲಿ ಚುಕ್ಕಿ ಹಾಕಿದೀನಿ, ಪೂರ್ವದ ರೂಲಿನ ದಿನ ಚುಕ್ಕಿ ಇರೋರಿಗೆ ಒಂದು ಪೀರಿಯಡ್‌ಗೆ ಒಂದು ದಾಳ ಮತ್ತೆ ಹಾಕೋ ಹಕ್ಕು. ಆದ್ರೂ ನನ್ನ ದಾಳದಲ್ಲಿ 9 ಗೋಲು ಅಥವಾ ಅದಕ್ಕಿಂತ ಜಾಸ್ತಿ ಬರೋದು ನೂರಕ್ಕೆ 5 ಸಲ. ಎದುರಾಳೀನ ಒಂದು ಗೋಲಿಗೋ ಸೊನ್ನೆಗೋ ನಿಲ್ಲಿಸೋದು, ವಾಕರ್ ಹೋಮ್ಸ್ ಇಬ್ಬರೂ ಪೂರ್ತಿ ಇದ್ರೂ, ನೂರಕ್ಕೆ 14 ಸಲ, ಅದೇ ಸತತ ಮೂರು ಮ್ಯಾಚು ಅಂದ್ರೆ ಸಾವಿರಕ್ಕೆ 3 ಸಲಾನೂ ಇಲ್ಲ. ಎದುರಿಗಿದ್ದಿದ್ದು ಸೀಸನ್ನಲ್ಲಿ 20 ಮ್ಯಾಚಿಗೆ 80 ಗೋಲಷ್ಟೇ ಹೊಡೆಸ್ಕೊಂಡ ವೆಜಿನಾ ಬೇರೆ. ಇದನ್ನ ಗೇಮಲ್ಲಿ ಬರೋ ಹಾಗೆ ತಿರುಚ್ಬೇಕಾ ಅಂತ ಯೋಚಿಸಿ ಬೇಡ ಅಂತ ಬಿಟ್ಟೆ, ಆ ಹತ್ತು ದಿನ ಆ ಟೀಮು ತನ್ನ ಸೀಸನ್ನಿಗಿಂತ್ಲೂ ಮೇಲಿನ ಆಟ ಆಡ್ತು, ದಾಳ ಅದನ್ನ ಯಾವತ್ತೋ ಒಂದಿನ ಕೊಟ್ರೆ ಕೊಡ್ಲಿ.

ಕಾರ್ಡ್ ಡಿಸೈನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಕೆಂಪು ಬಿಳಿ ಹಸಿರು ಅಡ್ಡಪಟ್ಟೆ, ಮಧ್ಯೆ ದೊಡ್ಡ ಎಸ್ ಅಕ್ಷರ, ಅದರ ಒಳಗೆ ಸಿಯಾಟಲ್ ಅಂತ. ಇಂಕು ಕುಡಿಯುತ್ತೆ ಈ ಪಟ್ಟೆ. ಹಳೇ ಐಸ್ ಅರೀನಾ ಇದ್ದ ಜಾಗ, ಡೌನ್‌ಟೌನಲ್ಲಿ ಫಿಫ್ತ್ ಅವೆನ್ಯೂ ಯೂನಿವರ್ಸಿಟಿ ಸ್ಟ್ರೀಟ್ ಕಡೆ, ಫೋಟೋಗೆ ಅಂತ ಹೋಗಿದ್ದೆ, ಈಗ ಆಫೀಸ್ ಬಿಲ್ಡಿಂಗ್. 1924ರಲ್ಲೇ ಟೀಮೂ ಹೋಯ್ತು, ಅರೀನಾನೂ ಕಾರ್ ನಿಲ್ಸೋ ಗ್ಯಾರೇಜ್ ಆಯ್ತು.

1919ರ ಫೈನಲ್ಲನ್ನೂ ಸೇರಿಸಿ ಅಂತ ಕೇಳಿದೋರಿಗೆ: ಅದೇ ಎರಡು ಟೀಮು, ಅದೇ ಊರು, ಎರಡೆರಡು ಗೆಲುವು ಒಂದು ಡ್ರಾ ಆಗಿದ್ದಾಗ ಇನ್‌ಫ್ಲುಯೆಂಜಾ ಬಂದು ಸರಣಿ ನಿಂತ್ಹೋಯ್ತು, ಮಾಂಟ್ರಿಯಲ್‌ನ ಜೋ ಹಾಲ್ ಏಪ್ರಿಲ್ 5ಕ್ಕೆ ಸಿಯಾಟಲ್ಲಲ್ಲೇ ತೀರಿಕೊಂಡ್ರು. ಮಾರಿಸ್ ಆ ಸರಣೀಲಿ ಇರ್ಲೇ ಇಲ್ಲ, ಸೈನ್ಯದ ಭರ್ತಿ ತಪ್ಪಿಸ್ಕೊಂಡ ಅಂತ ಅರೆಸ್ಟಾಗಿ ಆಲ್ಕಟ್ರಾಜ್ ಜೈಲು ಸೇರಿದ. ಆ ಜ್ವರಕ್ಕೆ ದಾಳ ಹಾಕಿಸೋ ಮನಸ್ಸು ನನಗಿಲ್ಲ. ಅದು ಮಾಡಲ್ಲ.

ಬಾಕಿ ಇರೋದು: ಸ್ಪೋಕೇನ್ ಕಾರ್ಡುಗಳ ಪ್ರಿಂಟು, ಪೆನಾಲ್ಟಿ ರೂಲು (ಕಲ್ಲಿ ವಿಲ್ಸನ್‌ಗೋಸ್ಕರಾನೇ ಬೇಕು, 1919ರಲ್ಲಿ ಒಬ್ಬನ ದವಡೆ ಮುರಿದು ಲೀಗಿಂದಾನೇ ಹೊರಗೆ ಹೋದ ಮನುಷ್ಯ), ಮಾಂಟ್ರಿಯಲ್ ಕಾರ್ಡುಗಳ ಕೊನೇ ತಿದ್ದುಪಡಿ. ಇಡೀ ಸೀಸನ್ ಆಡೋದಂತೂ ಶುರುವಾಗಿದೆ. ಮಗಳು ಈಗ ಪೋರ್ಟ್‌ಲ್ಯಾಂಡ್ ತಗೊಂಡಿದಾಳೆ, ಟೇಬಲ್ಲಲ್ಲಿ ಎರಡನೇ ಜಾಗದಲ್ಲಿದಾಳೆ, ಮತ್ತೆ ವಾಕರ್ ಕಾರ್ಡನ್ನ ತನ್ನ ಟೀಮಿಗೆ ಮಾರ್ತೀಯಾ ಅಂತ ದಿನಾ ಕೇಳ್ತಾಳೆ. ಟ್ರೇಡ್ ರೂಲು ಇನ್ನೂ ಬರೆದಿಲ್ಲ, ಬರೆಯೋ ಉದ್ದೇಶಾನೂ ಇಲ್ಲ.