ಉಪ್ಪು ತರಲು ಹೋದದ್ದು

ಶಿರಸಿಯಿಂದ ಕಾರವಾರಕ್ಕೆ ಹೊರಟವರು ಉಪ್ಪಿಗಾಗಿ ಹಾದಿ ಸುತ್ತುಬಳಸುವುದು ಹೊಸದೇನಲ್ಲ. ಅಪ್ಪೆಮಿಡಿಯ ಕಾಲ ಬಂತೆಂದರೆ ನಮ್ಮ ಮನೆಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪೇ ಆಗಬೇಕು. ಅಂಗಡಿಯ ಪುಡಿ ಉಪ್ಪಿಗೆ ಮಿಡಿ ಮೆತ್ತಗಾಗುತ್ತದೆ ಎಂಬುದು ಅಮ್ಮನ ನಂಬಿಕೆ; ಅದನ್ನು ಪ್ರಶ್ನಿಸಿ ಗೆದ್ದವರು ಮನೆಯಲ್ಲಿ ಯಾರೂ ಇಲ್ಲ. ಈ ಸಲ ಮಾರ್ಚ್‌ನಲ್ಲಿ ನಾನು ಹೊರಟದ್ದು ಮಾತ್ರ ಉಪ್ಪಿನಕಾಯಿಗಲ್ಲ, ಫೋಟೋಕ್ಕೆ.

ದೊಡ್ಡಪ್ಪನವರ ಟ್ರಂಕಿನ ತಳದಲ್ಲಿ ಒಂದು ನೆಗೆಟಿವ್ ಸಿಕ್ಕಿತ್ತು. ಅವರ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದ್ದು: 120 ಫಿಲ್ಮು, ಒಂದು ರೋಲಿಗೆ ಹನ್ನೆರಡೇ ಚಿತ್ರ, ಒಂದೊಂದೂ ಆರು ಸೆಂಟಿಮೀಟರಿನ ಚೌಕ. ಕಿಟಕಿಗೆ ಹಿಡಿದರೆ ಕಾರವಾರದ ಕೋಡಿಬಾಗದ ಧಕ್ಕೆ, ಕಾಳಿ ನದಿ, ದೋಣಿಗೆ ಕಾದು ನಿಂತ ಜನ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಸೇತುವೆ ಇನ್ನೂ ಬಂದಿಲ್ಲ. ಸುಡುಬಿಸಿಲಿನಲ್ಲಿ ದೊಡ್ಡಪ್ಪ ಕ್ಯಾಮೆರಾವನ್ನು ಮೋಡದ ಗುರುತಿಗೇ ಬಿಟ್ಟಿರಬೇಕು, ನೆಗೆಟಿವ್ ಇದ್ದಿಲಿನ ಹಾಗೆ ಕಪ್ಪಾಗಿತ್ತು. ತೋರಿಸಿದ ಸ್ಟುಡಿಯೋದವರೆಲ್ಲ ‘ಓವರ್ ಆಗಿದೆ’ ಎಂದು ವಾಪಸು ಕೊಟ್ಟರು. ಇಂಥ ದಟ್ಟ ನೆಗೆಟಿವನ್ನೇ ಬೇಡುವ ಮುದ್ರಣವೊಂದು ಇದೆ, ಸಾಲ್ಟ್ ಪ್ರಿಂಟ್ ಎಂದು ಅದರ ಹೆಸರು. ಫೋಟೋಗ್ರಫಿಯಲ್ಲಿ ಅದಕ್ಕಿಂತ ಹಳೆಯ ಕಾಗದದ ಮುದ್ರಣ ಇಲ್ಲ. ಅದಕ್ಕೆ ಬೇಕಾದದ್ದು ಬರೀ ಅಡುಗೆಮನೆಯ ಉಪ್ಪು, ಜೊತೆಗೆ ಸಿಲ್ವರ್ ನೈಟ್ರೇಟ್. ಎರಡನೆಯದನ್ನು ಹುಬ್ಬಳ್ಳಿಯಿಂದ ತರಿಸಿದೆ.

ಜೊತೆಗೆ ತಂಗಿಯ ಮಗಳು ಹೊರಟಳು. ದೇವಿಮನೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸದಿರಲಿ ಎಂದು ಅವಳಿಗೆ ಈ ಮುದ್ರಣ ಕಂಡುಹಿಡಿದ ಇಂಗ್ಲೆಂಡಿನ ಟಾಲ್ಬಟ್‌ನ ಕತೆ ಹೇಳುತ್ತಾ ಹೋದೆ. 1833ರ ಅಕ್ಟೋಬರಿನಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಹೆಂಡತಿಯೊಡನೆ ಇಟಲಿಯ ಕೋಮೊ ಸರೋವರಕ್ಕೆ ಪ್ರವಾಸ ಹೋಗಿದ್ದ. ಗಾಜಿನ ಪಟ್ಟಕದ ನೆರವಿನಿಂದ ಸರೋವರದ ಚಿತ್ರ ಬರೆಯಲು ಕೂತರೆ ಗೆರೆಯೆಲ್ಲ ಸೊಟ್ಟ. ಕತ್ತಲೆಪೆಟ್ಟಿಗೆಯೊಳಗೆ ಮೂಡುವ ಬಿಂಬ ತಾನಾಗಿಯೇ ಕಾಗದಕ್ಕೆ ಅಂಟಿಕೊಂಡರೆ ಹೇಗೆ ಎಂಬ ಯೋಚನೆ ಅಲ್ಲೇ ಹೊಳೆಯಿತು. ಬಿಂಬವೇನೋ ಹಳೆಯದು. ಹಂಪಿಯ ವಿರೂಪಾಕ್ಷ ಗುಡಿಯ ಕತ್ತಲೆಯ ಗೋಡೆಯಲ್ಲಿ ಗೋಪುರ ತಲೆಕೆಳಗಾಗಿ ಬೀಳುವುದನ್ನು ಶಾಲೆಯ ಪ್ರವಾಸದಲ್ಲಿ ನಾವೆಲ್ಲ ನೋಡಿದವರೇ. ಅದನ್ನು ಹಿಡಿದಿಡುವುದೇ ತೊಡಕಾಗಿತ್ತು.

“ಚಿತ್ರ ಬರೆಯಲು ಬಾರದವನು ಕಂಡುಹಿಡಿದದ್ದೇ ಮಾವ?” ಎಂದಳು ಹುಡುಗಿ. ಹೌದು, ಅಷ್ಟೇ.

ಕುಮಟಾದಲ್ಲಿ ಚಹಾ ಕುಡಿದು, ಅಘನಾಶಿನಿ ದಾಟಿ, ಮಿರ್ಜಾನ್ ಕೋಟೆಯನ್ನು ಈ ಸಲ ಹೊರಗಿನಿಂದಲೇ ನೋಡಿ, ಮಾದನಗೇರಿಯಲ್ಲಿ ಗೋಕರ್ಣದ ರಸ್ತೆಗೆ ತಿರುಗಿದೆವು. ಸಾಣಿಕಟ್ಟಾದ ಆಗರಗಳು ಬಿಸಿಲಿಗೆ ಕನ್ನಡಿ ಹಾಸಿದಂತೆ ಮಲಗಿದ್ದವು. ನೀರು ಬತ್ತಿದ ಮಡಿಗಳಲ್ಲಿ ಉಪ್ಪನ್ನು ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಿದ್ದರು. ಒಬ್ಬ ಹೆಂಗಸು ನಮ್ಮನ್ನು ನೋಡಿದವಳೇ, “ಘಟ್ಟದ ಮೇಲಿನವರಾ? ಉಪ್ಪಿನಕಾಯಿಗೋ?” ಎಂದಳು. “ಫೋಟೋ ತೊಳೆಯಲಿಕ್ಕೆ ಅಕ್ಕಾ” ಎಂದೆ. ಕೆಲಸ ನಿಲ್ಲಿಸಿ ಒಮ್ಮೆ ನನ್ನ ಮುಖವನ್ನೂ ಒಮ್ಮೆ ಹುಡುಗಿಯ ಮುಖವನ್ನೂ ನೋಡಿದಳು. ತಮಾಷೆಯೆಂದೇ ಎಣಿಸಿರಬೇಕು, ಉಪ್ಪಿಗೆ ದುಡ್ಡು ಮಾತ್ರ ಸರಿಯಾಗಿ ಎಣಿಸಿಕೊಂಡಳು.

ಕಾರವಾರದಲ್ಲಿ ನೆಂಟರ ಮನೆಯ ಬಚ್ಚಲುಕೋಣೆಯೇ ನಮ್ಮ ಡಾರ್ಕ್‌ರೂಮ್. ತೆಳು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ಸವರಿದರೆ ಅದರ ಮೇಲೆ ಸಿಲ್ವರ್ ಕ್ಲೋರೈಡ್ ಹುಟ್ಟುತ್ತದೆ. ಬಿಸಿಲು ಬಿದ್ದಲ್ಲಿ ಕಪ್ಪಾಗುತ್ತದೆ. ಕೇಳಲು ಸುಲಭ. ಮೊದಲ ಪ್ರಯತ್ನಕ್ಕೆ ಬಾವಿಯ ನೀರಿನಲ್ಲೇ ಸಿಲ್ವರ್ ನೈಟ್ರೇಟ್ ಕರಗಿಸಿದೆ. ಅದು ಬಾಟಲಿಯೊಳಗೇ ಮಜ್ಜಿಗೆಯಾಯಿತು! ಕಡಲ ಪಕ್ಕದ ಬಾವಿ. ನೀರಿನಲ್ಲಿದ್ದ ಉಪ್ಪು ಕಾಗದದವರೆಗೂ ಕಾಯದೆ ಅಲ್ಲೇ ಬೆಳ್ಳಿಯನ್ನು ಹಿಡಿದುಬಿಟ್ಟಿತ್ತು. ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಬಚಾವಾದೆವು. ಗೇರುಬೀಜದ ಸೊನೆ ತಾಗಿದಂತೆ ನನ್ನ ಬೆರಳುಗಳು ವಾರವಿಡೀ ಕಪ್ಪಾಗಿದ್ದವು.

ಉಪ್ಪು ಹೆಚ್ಚಾದಷ್ಟೂ ಕಾಗದ ಚುರುಕಾಗುತ್ತದೆ ಎಂದು ಯಾರೂ ಎಣಿಸಿಯಾರು. ಟಾಲ್ಬಟ್ ಕಂಡುಕೊಂಡದ್ದು ಅದರ ತಿರುವುಮುರುವು: ಉಪ್ಪು ಕಡಿಮೆಯಿದ್ದರೆ ಕಾಗದ ಬೆಳಕಿಗೆ ಕಣ್ಣು ಬಿಡುತ್ತದೆ, ಅತಿಯಾದರೆ ಕಣ್ಣು ಮುಚ್ಚುತ್ತದೆ. ಹಾಗಾಗಿ ಚಿತ್ರ ಮೂಡಿದ ಮೇಲೆ ಅದು ಮತ್ತೆ ಕಪ್ಪಾಗದಂತೆ ತಡೆಯಲು ಅವನು ಬಳಸಿದ್ದೂ ಅದೇ ಉಪ್ಪು, ಗಟ್ಟಿ ದ್ರಾವಣವಾಗಿ. 1835ರ ಆಗಸ್ಟಿನಲ್ಲಿ ತನ್ನ ಮನೆಯ ಜಾಲರಿ ಕಿಟಕಿಯನ್ನು ಹಿಡಿದ ಅವನ ನೆಗೆಟಿವ್ ಅಂಚೆಚೀಟಿಯಷ್ಟೇ ಇದೆ. ಅವನ ಪುಟ್ಟ ಮರದ ಕ್ಯಾಮೆರಾಗಳು ಮನೆಯ ಸುತ್ತ ಬಿದ್ದಿರುತ್ತಿದ್ದವು, ಹೆಂಡತಿ ಅವನ್ನು ಇಲಿಬೋನು ಎಂದು ಕರೆಯುತ್ತಿದ್ದಳು. ಚಿತ್ರವನ್ನು ನಿಜವಾಗಿ ನಿಲ್ಲಿಸುವ ಹೈಪೋ ಎಂಬ ರಾಸಾಯನಿಕವನ್ನು ಸೂಚಿಸಿದವನು ಅವನ ಗೆಳೆಯ, ವಿಜ್ಞಾನಿ ಜಾನ್ ಹರ್ಷೆಲ್, 1839ರಲ್ಲಿ. ಪ್ಯಾರಿಸ್ಸಿನಲ್ಲಿ ಡಾಗೆರ್‌ನ ಬೆಳ್ಳಿತಗಡಿನ ಚಿತ್ರಗಳ ಸುದ್ದಿ ಹೊರಬಿದ್ದದ್ದೂ ಅದೇ ವರ್ಷ. ಅವು ಸೂಜಿಮೊನೆಯಷ್ಟು ಚುರುಕು, ಆದರೆ ಒಂದಕ್ಕೆ ಒಂದೇ, ನಕಲು ಇಲ್ಲ. ಕಾಗದದ ನೆಗೆಟಿವ್ ಮಸುಕಾದರೂ ಅದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಿತ್ತು. 1856ರಲ್ಲಿ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಗುಡಿಗಳನ್ನು ಹಿಡಿದದ್ದೂ ಮೇಣ ಸವರಿದ ಕಾಗದದ ಮೇಲೆಯೇ. ದೊಡ್ಡಪ್ಪನವರ ಫಿಲ್ಮು ಈ ಮನೆತನದ್ದೇ.

ಮರುದಿನ ಹತ್ತು ಗಂಟೆಗೆ ಕಾಗದ, ನೆಗೆಟಿವ್ ಎರಡನ್ನೂ ಗಾಜಿನ ಚೌಕಟ್ಟಿಗೆ ಸೇರಿಸಿ, ಬಟ್ಟೆಯಲ್ಲಿ ಸುತ್ತಿ ಕೋಡಿಬಾಗಕ್ಕೆ ಒಯ್ದೆವು. ದೊಡ್ಡಪ್ಪ ನಿಂತದ್ದು ಇಲ್ಲೇ ಎಲ್ಲೋ. ಅವರ ಚಿತ್ರದಲ್ಲಿ ಇನ್ನೂ ಹುಟ್ಟದ ಸೇತುವೆ ಆಮೇಲೆ ಬಂದು, 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಹೋಯಿತು. ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಉಳಿಸಿದರು. ಈಗ ವಾಹನಗಳು ಪಕ್ಕದ ಹೊಸ ಸೇತುವೆಯ ಮೇಲೆ ಓಡುತ್ತವೆ. ಬಟ್ಟೆ ತೆಗೆದು ಚೌಕಟ್ಟನ್ನು ಕಲ್ಲಿನ ಮೇಲಿಟ್ಟೆ. ನೆಗೆಟಿವಿನ ಅಂಚಿನಾಚೆ ಕಾಗದ ಮೊದಲು ನೀಲಿಗೆಂಪಾಗಿ, ಆಮೇಲೆ ಕಾಚಿನ ಬಣ್ಣಕ್ಕೆ ತಿರುಗಿತು. ಬೇಕಾದದ್ದಕ್ಕಿಂತ ತುಸು ಹೆಚ್ಚೇ ಕಪ್ಪಾಗಬೇಕು, ತೊಳೆದಾಗ ಇಳಿಯುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ಹುಡುಗಿ ಐದು ನಿಮಿಷಕ್ಕೊಮ್ಮೆ ನೆರಳಿಗೆ ಎತ್ತಿ, ಮೂಲೆ ಬಿಡಿಸಿ ನೋಡಿದಳು. ನಾನು ಬೈದರೂ ಬಿಡಲಿಲ್ಲ.

ಎರಡು ಪ್ರತಿ ಮಾಡಿದೆವು. ಒಂದನ್ನು ಹೈಪೋದಲ್ಲಿ ತೊಳೆದೆ, ಕಂದು ಬಣ್ಣದ್ದಾಯಿತು. ಇನ್ನೊಂದನ್ನು ಟಾಲ್ಬಟ್‌ನಂತೆ ಬರೀ ಉಪ್ಪಿನಲ್ಲೇ ನಿಲ್ಲಿಸೋಣ ಎಂದು ಹುಡುಗಿ ಹಟ ಹಿಡಿದಳು; ಅದು ನಸುನೇರಳೆಗೆ ತಿರುಗಿತು. ನಿಜ ಹೇಳಬೇಕೆಂದರೆ ಚೆಲುವಾದದ್ದು ಅದೇ.

ಶಿರಸಿಗೆ ಬಂದಾಗ ಅಮ್ಮ ಮೊದಲು ನೋಡಿದ್ದು ಉಪ್ಪಿನ ಚೀಲವನ್ನು. ಆಮೇಲೆ ಚಿತ್ರ. ಉಪ್ಪಿನಲ್ಲಿ ನಿಲ್ಲಿಸಿದ್ದು ಬೆಳಕಿಗೆ ಬಂದಷ್ಟೂ ಮೆಲ್ಲಗೆ ಕಪ್ಪಾಗುತ್ತಲೇ ಇರುತ್ತದೆ, ಕಪಾಟಿನಿಂದ ತೆಗೆಯಬಾರದು ಎಂದು ಹೇಳಿಟ್ಟಿದ್ದೇನೆ. ಮನೆಗೆ ಯಾರು ಬಂದರೂ ಅಮ್ಮ ಅದನ್ನೇ ತೆಗೆದು ತೋರಿಸುತ್ತಾಳೆ. ಸದಾಶಿವಗಡದ ಮೇಲಿನ ಆಕಾಶ ಆಗಲೇ ಸಂಜೆಯಂತಾಗಿದೆ.